ಕೊಡ ಕಲಿಸಿದ ಪಾಠ

(ಕಿಣ್ಣಿ ಸುಲ್ತಾನದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೊಲದ ಕೆಲಸ ಮುಗಿಸಿ ಬಂದಿದ್ದೀರಿ. ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಲು ಕೊಟ್ಟು, ಪುಸ್ತಕ ಹಿಡಿದು ಬಂದಿದ್ದೀರಿ. ಬಹಳ ಸಂತೋಷ.

ಹೋದ ವಾರ ನಾವು ಮೂರು ಪದ ಓದಿದೆವು. ಕೊಡ. ಬಾವಿ. ನೀರು. ಆಗ ಹಿಂದೆ ಕುಳಿತ ಒಬ್ಬ ಅಕ್ಕ ಒಂದು ಮಾತು ಕೇಳಿದರು.

"ಅಕ್ಕೋರೆ, ನೀರು ಅಂತ ಬರಿಯೋದು ಕಲ್ತೇವ್ರಿ. ನೀರಾಗ ಬಿದ್ದರ ಹ್ಯಾಂಗ ಉಳೀಬೇಕು? ಅದೂ ಒಂದಿಷ್ಟು ಹೇಳ್ರಿ."

ಎಲ್ಲರೂ ನಕ್ಕರು. ಆ ಅಕ್ಕ ನಗಲಿಲ್ಲ. ಅವರ ಹೊಲದಲ್ಲಿ ಹೊಸದಾಗಿ ಕೃಷಿ ಹೊಂಡ ತೋಡಿಸಿದ್ದಾರೆ. ಮನೆಯಲ್ಲಿ ಆರು ವರ್ಷದ ಮೊಮ್ಮಗಳು ಇದ್ದಾಳೆ. ಅವಳು ಅಜ್ಜಿಯ ಬೆನ್ನು ಹತ್ತಿ ಹೊಲಕ್ಕೆ ಬರುತ್ತಾಳೆ. ಅಕ್ಕನಿಗೆ ಅದೇ ಚಿಂತೆ.

ಇವತ್ತು ಆ ಅಕ್ಕನ ಪ್ರಶ್ನೆಗೆ ಉತ್ತರ ಹುಡುಕೋಣ. ಉತ್ತರ ದೂರ ಇಲ್ಲ. ನಿಮ್ಮ ಕೈಯಲ್ಲಿರುವ ಕೊಡದಲ್ಲೇ ಇದೆ.

ಕೊಡ ಯಾವಾಗ ಭಾರ?

ನಮ್ಮಲ್ಲಿ ಬಹಳ ಮಂದಿ ಬಾವಿಯಲ್ಲಿ ನೀರು ಸೇದಿದವರು. ಈಗ ಎಷ್ಟೋ ಮನೆಗೆ ನಳ ಬಂದಿದೆ. ಆದರೂ ಕೈಗೆ ಆ ನೆನಪು ಇದೆ.

ಹಗ್ಗ ಕಟ್ಟಿ ಕೊಡ ಇಳಿಸಿದಿರಿ. ಕೊಡ ತುಂಬಿತು, ನೀರಲ್ಲಿ ಮುಳುಗಿತು. ಹಗ್ಗ ಎಳೆದಿರಿ. ಕೊಡ ನೀರೊಳಗೆ ಇರುವ ತನಕ ಹಗುರ. ನೀರಿನಿಂದ ಹೊರಗೆ ಬಂತು ನೋಡ್ರಿ, ಒಮ್ಮೆಲೇ ರಟ್ಟೆ ಜಗ್ಗುತ್ತದೆ. ಹೌದಲ್ಲ?

ಕೊಡ ಅದೇ. ನೀರೂ ಅದೇ. ಹಾಗಾದರೆ ಒಳಗೆ ಹಗುರ ಯಾಕೆ, ಹೊರಗೆ ಭಾರ ಯಾಕೆ?

ನೀರೊಳಗೆ ಇದ್ದಾಗ ಕೊಡವನ್ನು ನೀವೊಬ್ಬರೇ ಎತ್ತುವುದಿಲ್ಲ. ಬಾವಿಯ ನೀರೂ ಕೆಳಗಿನಿಂದ ಎತ್ತುತ್ತದೆ. ಹೊರಗೆ ಬಂದ ಮೇಲೆ ನೀರು ಕೈಬಿಡುತ್ತದೆ. ಪೂರ್ತಿ ಭಾರ ನಿಮ್ಮ ಮೇಲೆ ಬೀಳುತ್ತದೆ.

ಸುಮಾರು 2200 ವರ್ಷಗಳ ಹಿಂದೆ ಆರ್ಕಿಮಿಡೀಸ್ ಎಂಬ ಪಂಡಿತ ಇದ್ದ. ಅವನ ಊರು ಸಿರಾಕ್ಯೂಸ್. ಆ ಊರು ಈಗ ಇಟಲಿ ದೇಶದಲ್ಲಿದೆ. ಅವನು ಈ ಸಂಗತಿಗೆ ಲೆಕ್ಕ ಬರೆದ. ಒಂದು ವಸ್ತು ನೀರಿಗೆ ಇಳಿದರೆ, ತನ್ನ ಜಾಗಕ್ಕೆ ಬೇಕಾದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆ ಸರಿದ ನೀರಿನ ತೂಕ ಎಷ್ಟೋ, ಅಷ್ಟೇ ಬಲದಿಂದ ನೀರು ಆ ವಸ್ತುವನ್ನು ಮೇಲಕ್ಕೆ ಒತ್ತುತ್ತದೆ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಒಂದು ಲೀಟರ್ ಜಾಗ ಹಿಡಿದ ವಸ್ತುವನ್ನು ನೀರು ಒಂದು ಕಿಲೋ ಬಲದಿಂದ ಎತ್ತುತ್ತದೆ. ಹತ್ತು ಲೀಟರ್ ಜಾಗ ಹಿಡಿದರೆ ಹತ್ತು ಕಿಲೋ. ಇಷ್ಟೇ ಲೆಕ್ಕ.

ನಮ್ಮ ಎದೆಯಲ್ಲಿ ಒಂದು ಬರಿ ಕೊಡ

ಬರಿ ತಂಬಿಗೆಯನ್ನು ನೀರಿನ ಮೇಲೆ ಇಡಿ. ತೇಲುತ್ತದೆ. ತಂಬಿಗೆ ಹಿತ್ತಾಳೆಯದು, ಆದರೂ ತೇಲುತ್ತದೆ. ಯಾಕಂದರೆ ಒಳಗೆ ಗಾಳಿ ಇದೆ. ಜಾಗ ಬಹಳ ಹಿಡಿದಿದೆ, ತೂಕ ಕಡಿಮೆ ಇದೆ. ಅದರಲ್ಲಿ ನೀರು ತುಂಬಿರಿ. ಮುಳುಗುತ್ತದೆ.

ಮನುಷ್ಯನ ಮೈಯೂ ಹಾಗೇ. ನಮ್ಮ ಎದೆಯಲ್ಲಿ ಎರಡು ಶ್ವಾಸಕೋಶಗಳಿವೆ. ಉಸಿರು ತುಂಬಿಕೊಂಡರೆ ಅವು ಬರಿ ಕೊಡ ಇದ್ದಂತೆ. ಆಗ ಬಹಳ ಮಂದಿಯ ಮೈ ನೀರಿನಲ್ಲಿ ತೇಲುತ್ತದೆ. ಉಸಿರು ಪೂರ್ತಿ ಬಿಟ್ಟರೆ ಮೈ ಕೆಳಗೆ ಇಳಿಯುತ್ತದೆ.

ಆದರೆ ಒಂದು ಮಾತು ಮರೆಯಬೇಡಿ. ಮೈ ತೇಲುವುದು ಸ್ವಲ್ಪವೇ ಸ್ವಲ್ಪ. ನೀರಿನ ಮೇಲೆ ಕಾಣುವುದು ಮುಖದಷ್ಟು ಮಾತ್ರ. ಉಳಿದದ್ದೆಲ್ಲ ನೀರೊಳಗೇ ಇರಬೇಕು.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಎರಡು ಬೆರಳು ಬಿಟ್ಟು ನೀರು ತುಂಬಿ. ಮುಚ್ಚಳ ಗಟ್ಟಿ ಹಾಕಿ. ತುಂಬಿದ ಬಕೀಟಿನಲ್ಲಿ ಬಿಡಿ. ಬಾಟಲಿ ತೇಲುತ್ತದೆ, ಸ್ವಲ್ಪ ಮಾತ್ರ ಮೇಲೆ ಕಾಣುತ್ತದೆ. ಗಾಳಿ ಇರುವ ಕಡೆ ಮೇಲಿರುತ್ತದೆ. ಈಗ ಮುಚ್ಚಳ ತೆಗೆದು ಪೂರ್ತಿ ನೀರು ತುಂಬಿ ಬಿಡಿ. ತೇಲುವುದು ನಿಲ್ಲುತ್ತದೆ. ನೋಡಿದ ಮೇಲೆ ಬಕೀಟು ಬರಿದು ಮಾಡಿ. ತೆವಳುವ ಕೂಸಿಗೆ ಒಂದು ಗೇಣು ನೀರೂ ಸಾವೇ.

ಕೈ ಎತ್ತಿದರೆ ತಲೆ ಮುಳುಗುತ್ತದೆ

ನೀರಲ್ಲಿ ಬಿದ್ದವರು ಏನು ಮಾಡುತ್ತಾರೆ? ಹೆದರಿ ಎರಡೂ ಕೈ ಮೇಲೆ ಎತ್ತುತ್ತಾರೆ. "ಯವ್ವಾ!" ಅಂತ ಕೂಗಿ ಎದೆಯ ಉಸಿರೆಲ್ಲ ಬಿಡುತ್ತಾರೆ. ಇವೆರಡೂ ತಪ್ಪು.

ಕೈ ನೀರೊಳಗೆ ಇದ್ದರೆ ನೀರು ಅದನ್ನು ಹೊರುತ್ತದೆ. ಕೈ ಹೊರಗೆ ಬಂತು ಅಂದರೆ ನೀರು ಹೊರುವುದಿಲ್ಲ. ಕೊಡ ಹೊರಗೆ ಬಂದಾಗ ಆದದ್ದೇ ಇಲ್ಲಿಯೂ ಆಗುತ್ತದೆ. 50 ಕಿಲೋ ತೂಕದ ಹೆಣ್ಣುಮಗಳ ಎರಡು ಕೈಗಳ ಭಾರ ನಾಲ್ಕೈದು ಕಿಲೋ. ಎರಡೂ ಕೈ ಎತ್ತಿದರೆ ನಾಲ್ಕೈದು ಕಿಲೋ ಜೋಳದ ಗಂಟನ್ನು ತಲೆ ಮೇಲೆ ಹೊತ್ತಂತೆ. ತಲೆ ಮುಳುಗದೆ ಇನ್ನೇನಾಗುತ್ತದೆ?

ಹಾಗಾದರೆ ಏನು ಮಾಡಬೇಕು?

ಕೈ ನೀರೊಳಗೇ ಇರಲಿ. ಎರಡೂ ಕಡೆಗೆ ಚಾಚಿರಲಿ. ತಲೆ ಹಿಂದಕ್ಕೆ ಬಾಗಿಸಿ, ಕಿವಿ ನೀರಲ್ಲಿ ಮುಳುಗಲಿ. ಮುಖ ಆಕಾಶ ನೋಡಲಿ. ಹೊಟ್ಟೆ ಮೇಲಕ್ಕೆ ಬರಲಿ. ಉಸಿರು ತುಂಬಿಕೊಳ್ಳಿ, ಸ್ವಲ್ಪ ಸ್ವಲ್ಪವೇ ಬಿಡಿ, ಮತ್ತೆ ಬೇಗ ತುಂಬಿಕೊಳ್ಳಿ. ಕೈಗಳಿಂದ ನೀರನ್ನು ಮೆಲ್ಲಗೆ ಕೆಳಗೆ ಒತ್ತುತ್ತಾ ಇರಿ. ನೀವು ನೀರನ್ನು ಕೆಳಗೆ ಒತ್ತಿದರೆ ನೀರು ನಿಮ್ಮನ್ನು ಮೇಲೆ ಒತ್ತುತ್ತದೆ. ಹಿಂದಕ್ಕೆ ತಳ್ಳಿದರೆ ಮುಂದಕ್ಕೆ ಕಳಿಸುತ್ತದೆ. ಈಸುವುದು ಅಂದರೆ ಇದೇ.

ಇನ್ನೊಂದು ಭಯ ನಮ್ಮ ಹೆಣ್ಣುಮಕ್ಕಳಿಗೆ ಇದೆ. "ಸೀರೆ ನೆಂದರೆ ಭಾರಾಗಿ ಎಳಕೊಂಡು ಹೋಗ್ತದ" ಅನ್ನುತ್ತಾರೆ. ನೆಂದ ಸೀರೆ ನೀರೊಳಗೆ ಅಷ್ಟು ಭಾರ ಇಲ್ಲ. ಅದರಲ್ಲಿ ತುಂಬಿದ ನೀರನ್ನು ಸುತ್ತಲಿನ ನೀರೇ ಹೊರುತ್ತದೆ. ಆದರೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕಾಲು ಬಡಿಯಲು ಬಿಡುವುದಿಲ್ಲ. ಹೊರಗೆ ಏರುವಾಗ ಮಾತ್ರ ಕಲ್ಲಿನಂತೆ ಭಾರ ಆಗುತ್ತದೆ. ಅದಕ್ಕೆ ಬಿದ್ದ ಕೂಡಲೇ ಏರಲು ಒದ್ದಾಡಬೇಡಿ. ಮೊದಲು ಅಂಗಾತ ತೇಲಿ, ಉಸಿರು ಹಿಡಿಯಿರಿ. ಆಮೇಲೆ ದಂಡೆಯ ಕಡೆ ಸರಿಯಿರಿ.

ಆಯಿ ಬಿಚ್ಚಿದ ಸೀರೆ

ಇದು ನಾವು ಪುಸ್ತಕದಲ್ಲಿ ಓದಿದ್ದಷ್ಟೇ ಅಲ್ಲ. ನಮ್ಮ ಮೈಮೇಲೆ ಬಂದದ್ದು.

ನಾವು ಆಗ ಎಂಟು ವರ್ಷದವರು. ಬೇಸಿಗೆ ರಜೆಗೆ ತಾಯಿಯ ತವರೂರಿಗೆ ಹೋಗಿದ್ದೆವು. ಹೊಲದಲ್ಲಿ ಮೆಟ್ಟಿಲು ಇರುವ ಬಾವಿ ಇತ್ತು. ನಮ್ಮ ಆಯಿ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾವು ತಂಬಿಗೆ ತೊಳೆಯಲು ಕೆಳಗೆ ಇಳಿದೆವು. ಕೊನೆಯ ಮೆಟ್ಟಿಲು ಪಾಚಿಗಟ್ಟಿತ್ತು. ಕಾಲು ಜಾರಿತು.

ನೀರಲ್ಲಿ ಬಿದ್ದ ನಾವು ಕೂಗಲಿಲ್ಲ. ಕೂಗಲು ಆಗಲಿಲ್ಲ. ಬಾಯಿ ಮೇಲೆ ಬಂದರೆ ಉಸಿರು ತಗೊಳ್ಳುವುದೇ ಸಾಕಾಗುತ್ತಿತ್ತು. ಇದನ್ನು ನೆನಪಿಡಿ. ಮುಳುಗುವ ಮಗು ಬಹಳ ಸಲ ಸದ್ದು ಮಾಡುವುದಿಲ್ಲ. "ಕೂಗಿದರ ಕೇಳಸ್ತದ" ಅಂತ ನಾವು ಬೇರೆ ಕಡೆ ಕುಳಿತರೆ ಆಗದು. ಕಣ್ಣು ಮಗುವಿನ ಮೇಲೇ ಇರಬೇಕು.

ಆಯಿ ತಂಬಿಗೆ ಬಿದ್ದ ಸದ್ದು ಕೇಳಿ ಇಣುಕಿದಳು. ಅವಳಿಗೆ ಈಸು ಬಾರದು. ಅವಳು ನೀರಿಗೆ ಜಿಗಿಯಲಿಲ್ಲ. ಉಟ್ಟ ಸೀರೆ ಬಿಚ್ಚಿದಳು. ಮೆಟ್ಟಿಲ ಮೇಲೆ ಬೋರಲು ಮಲಗಿದಳು. ಒಂದು ತುದಿ ತನ್ನ ಕೈಗೆ ಸುತ್ತಿಕೊಂಡು ಇನ್ನೊಂದು ತುದಿ ನಮ್ಮ ಮುಖದ ಹತ್ತಿರ ಒಗೆದಳು. ನಾವು ಹಿಡಿದೆವು. ಅವಳು ಎಳೆದಳು.

ಸುತ್ತ ಮಂದಿ ಕೂಡಿದರು. ಆಯಿ ಲಂಗದ ಮೇಲೆ ನಿಂತಿದ್ದಳು. ಯಾರೋ ಒಬ್ಬರು ಅಂದರು, "ಹೆಣ್ಮಗಳಾಗಿ ಮಂದ್ಯಾಗ ಸೀರಿ ಬಿಚ್ಚಿದೆಲ್ಲಾ, ಮಾನ ಹೋತು."

ಆಯಿ ಅಂದಳು, "ಮಾನ ಹೋಗಿಲ್ಲಪ್ಪ. ಕೂಸು ಉಳದದ."

ಆಯಿ ಶಾಲೆ ಕಲಿತವಳಲ್ಲ. ಆದರೆ ಅವಳು ಎರಡು ಕೆಲಸ ಸರಿ ಮಾಡಿದಳು. ಜಿಗಿಯಲಿಲ್ಲ. ಮಲಗಿ ಎಳೆದಳು. ನಿಂತು ಎಳೆದಿದ್ದರೆ ಅವಳೂ ಜಾರಿ ಬೀಳುತ್ತಿದ್ದಳು.

ಹರಿಯುವ ನೀರಿನ ಸೊಕ್ಕು

ನಿಂತ ನೀರಿನ ಮಾತು ಆಯಿತು. ಈಗ ಹರಿಯುವ ನೀರು.

ನಮ್ಮ ಆಳಂದ ತಾಲೂಕಿನ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮಾ ಹೊಳೆಗೆ ಕೂಡುತ್ತದೆ. ಅಲ್ಲಿಗೆ ಸ್ನಾನಕ್ಕೆ ಎಷ್ಟೋ ಮಂದಿ ಹೋಗುತ್ತಾರೆ. ನಾವೂ ಹೋಗುತ್ತೇವೆ. ದಂಡೆಯಲ್ಲಿ ನೀರು ಸೊಂಟದಷ್ಟೇ ಇದ್ದರೂ ಜೋಪಾನ ಬೇಕು. ಯಾಕೆ?

ಒಂದು, ಸೊಂಟದಷ್ಟು ನೀರಿನಲ್ಲಿ ನಮ್ಮ ಸುಮಾರು ಅರ್ಧ ಭಾರವನ್ನು ನೀರೇ ಹೊರುತ್ತದೆ. ಕಾಲು ನೆಲವನ್ನು ಗಟ್ಟಿ ಹಿಡಿಯುವುದಿಲ್ಲ.

ಎರಡು, ಹರಿಯುವ ನೀರು ತಳ್ಳುತ್ತದೆ. ಅದರ ಲೆಕ್ಕ ಬಲು ವಿಚಿತ್ರ. ಓಟ ಎರಡು ಪಟ್ಟು ಆದರೆ ತಳ್ಳುವ ಬಲ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು. ಓಟ ಮೂರು ಪಟ್ಟು ಆದರೆ ಬಲ ಒಂಬತ್ತು ಪಟ್ಟು. ನಿನ್ನೆ ದಾಟಿದ ಹಳ್ಳ ಇವತ್ತು ಕೆಡವುವುದು ಇದಕ್ಕೇ.

ಮೂರು, ಜಾಗ ಕಿರಿದಾದರೆ ನೀರು ಜೋರಾಗಿ ಓಡುತ್ತದೆ. ನಳದ ಪೈಪಿನ ಬಾಯಿಗೆ ಬೆರಳು ಒತ್ತಿ ನೋಡಿ. ನೀರು ದೂರ ಚಿಮ್ಮುತ್ತದೆ. ಪೂಲಿನ ಕೆಳಗೆ, ಎರಡು ಬಂಡೆಗಳ ನಡುವೆ, ಬ್ಯಾರೇಜಿನ ಗೇಟಿನ ಹತ್ತಿರ ನೀರು ಹೀಗೇ ಓಡುತ್ತದೆ. ಗೇಟಿನಿಂದ ಧುಮುಕಿದ ನೀರು ಕೆಳಗೆ ತಿರುಗಿ ತಿರುಗಿ ಸುತ್ತುತ್ತದೆ. ಬಿದ್ದದ್ದನ್ನು ಹೊರಗೆ ಬಿಡುವುದಿಲ್ಲ. ಅಫಜಲಪುರ ತಾಲೂಕಿನಲ್ಲಿ ಭೀಮಾ ಹೊಳೆಗೆ ಸೊನ್ನ ಬ್ಯಾರೇಜ್ ಇದೆ. ಇಂಥ ಬ್ಯಾರೇಜುಗಳ ಕೆಳಗೆ ಈಸು ಬಲ್ಲವರೂ ಇಳಿಯಬಾರದು.

ಇನ್ನೊಂದು ಸಂಗತಿ. ಭೀಮಾ ಹೊಳೆಗೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದಲೂ ನೀರು ಬರುತ್ತದೆ. ನಮ್ಮಲ್ಲಿ ಹನಿ ಮಳೆ ಇರದಿದ್ದರೂ ಮೇಲೆ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ತುಂಬಿ ಅಫಜಲಪುರ, ಜೇವರ್ಗಿ ಕಡೆಯ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. "ಹೊಳೆಗೆ ಇಳಿಯಬೇಡಿ" ಎಂದು ಡಂಗುರ ಹೊಡೆದರೆ, ಬೋರ್ಡು ಹಾಕಿದರೆ, ಕೇಳಬೇಕು. ಈಗ ನೀವು ಓದಬಲ್ಲಿರಿ. ಬೋರ್ಡು ನೀವೇ ಓದಿ, ಬೇರೆಯವರಿಗೂ ಹೇಳಿ.

ಸಣ್ಣ ಪೂಲಿನ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಜೋರಾಗಿ ಹರಿಯುವ ಅರ್ಧ ಅಡಿ ನೀರು ಆಳನ್ನು ಕೆಡವಬಲ್ಲದು. ಎರಡು ಅಡಿ ನೀರು ಕಾರನ್ನೂ ತೇಲಿಸುತ್ತದೆ. ಕಾರು ಕೂಡ ಒಂದು ದೊಡ್ಡ ಬರಿ ಕೊಡ ಇದ್ದಂತೆ. ಮೋಟಾರ್ ಸೈಕಲ್ ಮೇಲೆ ಕುಳಿತ ಗಂಡ "ಏನೂ ಆಗಾಂಗಿಲ್ಲ, ಕೂಡು" ಅಂದರೆ, "ನಾ ಇಳೀತೀನಿ, ನೀವೂ ಇಳೀರಿ" ಅನ್ನಿ.

ನೀರು ಎಳೆದುಕೊಂಡು ಹೋದರೆ ಎದುರು ಈಸಬೇಡಿ. ಕೈ ಸೋಲುತ್ತದೆ. ಅಂಗಾತ ಆಗಿ, ಕಾಲು ಮುಂದೆ ಮಾಡಿ. ಬಂಡೆ ಬಂದರೆ ಕಾಲು ತಾಗಲಿ, ತಲೆ ತಾಗಬಾರದು. ಹರಿವಿನ ಜೊತೆ ಹೋಗುತ್ತಾ ಓರೆಯಾಗಿ ದಂಡೆಯ ಕಡೆ ಸರಿಯಿರಿ.

ಕೃಷಿ ಹೊಂಡ: ಇಳಿಯುವುದು ಸುಲಭ, ಏರುವುದು ಕಷ್ಟ

ಈಗ ಅಕ್ಕನ ಹೊಂಡಕ್ಕೆ ಬರೋಣ.

ನಮ್ಮ ರಾಜ್ಯದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂತು. ಮಳೆ ನೀರು ಹಿಡಿಯಲು ಹೊಲಗಳಲ್ಲಿ ಹೊಂಡ ತೋಡಿದರು. ತೊಗರಿಗೆ ಒಂದು ನೀರು ಸಿಕ್ಕರೆ ಬೆಳೆ ಉಳಿಯುತ್ತದೆ. ಹೊಂಡ ಒಳ್ಳೆಯದು. ಆದರೆ ಅದಕ್ಕೆ ಬೇಲಿ ಬೇಕು.

ಹೊಂಡದ ಬದಿ ಇಳಿಜಾರು. ಕೆಲವಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಕಾಲು ನಿಲ್ಲದು. ಹಾಳೆ ಇಲ್ಲದಿದ್ದರೆ ನಮ್ಮ ಎರೆ ಮಣ್ಣು. ಹಸಿ ಎರೆ ಮಣ್ಣು ಬೆಣ್ಣೆಯಂತೆ ಜಾರುತ್ತದೆ. ನೀರಲ್ಲಿ ಹಗುರ ಇದ್ದ ಮೈ ಹೊರಗೆ ಬರುತ್ತಾ ಬರುತ್ತಾ ಭಾರ ಆಗುತ್ತದೆ. ಕೊಡದ ಪಾಠವೇ ಇದು. ಹಿಡಿಯಲು ಏನೂ ಇಲ್ಲ. ಈಸು ಬಲ್ಲ ದೊಡ್ಡವರೂ ಏರಲಾರದೆ ಸೋಲುತ್ತಾರೆ.

ಅದಕ್ಕೆ ಮೂರು ಕೆಲಸ ಮಾಡಿ. ಸುತ್ತಲೂ ಮುಳ್ಳಿನ ಬೇಲಿಯನ್ನೋ ತಂತಿ ಬೇಲಿಯನ್ನೋ ಹಾಕಿ. ದಂಡೆಯಲ್ಲಿ ಗಟ್ಟಿ ಗೂಟ ನೆಟ್ಟು, ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನ ತನಕ ಇಳಿಬಿಡಿ. ಬಿದ್ದವರು ಗಂಟು ಹಿಡಿದು ಏರಬಹುದು. ಒಂದು ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಬೇಲಿಗೆ ತೂಗುಹಾಕಿ.

ಕ್ಯಾನಿನ ಲೆಕ್ಕ ನೀವೇ ಮಾಡಿ. ಐದು ಲೀಟರ್ ಕ್ಯಾನು. ಮುಚ್ಚಳ ಗಟ್ಟಿ ಹಾಕಿದೆ. ನೀರಲ್ಲಿ ಒತ್ತಿದರೆ ಎಷ್ಟು ಬಲದಿಂದ ಎತ್ತುತ್ತದೆ? ಸುಮಾರು ಐದು ಕಿಲೋ. ಒಬ್ಬರ ತಲೆಯನ್ನು ನೀರಿನ ಮೇಲೆ ಇಡಲು ಅಷ್ಟು ಸಾಕು. ದೂರ ಒಗೆಯಲು ಬರಲಿ ಅಂತ ಒಳಗೆ ಒಂದು ಲೋಟ ನೀರು ಹಾಕಿಡಿ.

ಒಬ್ಬರ ಹಿಂದೆ ಒಬ್ಬರು ಹೋಗಬಾರದು

ಪೇಪರಿನಲ್ಲಿ ಇಂಥ ಸುದ್ದಿ ಎಷ್ಟೋ ಸಲ ಓದುತ್ತೇವೆ. ಮಗು ಬಿತ್ತು. ತಾಯಿ ಜಿಗಿದಳು. ಅವರನ್ನು ಉಳಿಸಲು ಚಿಕ್ಕಮ್ಮ ಇಳಿದಳು. ಮೂವರೂ ಹೋದರು.

ತಾಯಿಯ ಕರುಳು ತಡೆಯದು, ನಿಜ. ಆದರೆ ಮುಳುಗುವವರು ಸಿಕ್ಕವರನ್ನು ಅಪ್ಪಿಕೊಂಡು ಅವರ ಮೇಲೆ ಏರಲು ನೋಡುತ್ತಾರೆ. ಅದು ಅವರ ತಪ್ಪಲ್ಲ. ಈಸು ಬಾರದ ತಾಯಿ ಜಿಗಿದರೆ ಮಗುವನ್ನು ಎತ್ತುವವರೇ ಇರುವುದಿಲ್ಲ. ದಂಡೆಯ ಮೇಲೆ ಉಳಿದ ತಾಯಿಯೇ ಮಗುವನ್ನು ಉಳಿಸಬಲ್ಲಳು.

ಕೂಗಿ ಮಂದಿ ಕೂಡಿಸಿ. ಕ್ಯಾನು ಒಗೆಯಿರಿ. ಹಗ್ಗ, ಸೀರೆ, ಕೋಲು, ಏಣಿ, ಏನು ಇದೆಯೋ ಅದನ್ನು ಕೊಡಿ. ಬೋರಲು ಮಲಗಿ ಎಳೆಯಿರಿ. "ಹಗ್ಗ ಹಿಡಿ, ಮುಖ ಮೇಲೆ ಮಾಡು" ಅಂತ ಹೇಳುತ್ತಾ ಇರಿ.

ಎತ್ತಿದ ಮೇಲೆ ತಲೆ ಕೆಳಗೆ ಮಾಡಿ ತಿರುಗಿಸಬೇಡಿ. ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಅದರಿಂದ ಹೊತ್ತು ಹಾಳು. ಹೊಟ್ಟೆಯಲ್ಲಿದ್ದದ್ದು ಉಸಿರಿನ ದಾರಿಗೆ ಬರುತ್ತದೆ. ಮೈಗೆ ಬೇಕಾದದ್ದು ಗಾಳಿ. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಹಚ್ಚಿ ಎರಡು ಸಲ ಉಸಿರು ಊದಿ. ಎದೆ ಏಳಬೇಕು. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ, ಬೇಗ ಬೇಗ ಒತ್ತಿ. ಮತ್ತೆ ಎರಡು ಉಸಿರು. ನಿಲ್ಲಿಸಬೇಡಿ. ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ. ಎದ್ದು ಕುಳಿತರೂ ದವಾಖಾನೆಗೆ ಒಯ್ಯಲೇಬೇಕು. ಪುಪ್ಪುಸಕ್ಕೆ ನೀರು ಹೋಗಿದ್ದರೆ ಆಮೇಲೆ ಉಸಿರು ಕಟ್ಟಬಹುದು. ಈ ಕೆಲಸವನ್ನು ಕೇಳಿ ಕಲಿತರೆ ಸಾಲದು, ಮಾಡಿ ಕಲಿಯಬೇಕು. ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಒಂದು ದಿನ ಇಲ್ಲಿಗೆ ಕರೆಯೋಣ.

ಹುಡುಗಿಯರಿಗೂ ಈಸು

ಕೊನೆಗೆ ಒಂದು ಮಾತು.

ನಾವು ಸಣ್ಣವರಿದ್ದಾಗ ಗಂಡುಹುಡುಗರ ಬೆನ್ನಿಗೆ ಡಬ್ಬಿ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಎಂಟು ದಿನದಲ್ಲಿ ಈಸು ಬರುತ್ತಿತ್ತು. ಹುಡುಗಿಯರು ಮೇಲೆ ನಿಂತು ನೋಡುತ್ತಿದ್ದೆವು. ದಿನಾ ನೀರು ಸೇದುವವರು ಹೆಣ್ಣುಮಕ್ಕಳು. ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗುವವರು ಹೆಣ್ಣುಮಕ್ಕಳು. ಈಸು ಮಾತ್ರ ಗಂಡುಮಕ್ಕಳಿಗೆ. ಇದು ಯಾವ ನ್ಯಾಯ?

ಈಗ ನಳ ಬಂದು ಹುಡುಗರೂ ಬಾವಿ ಮರೆತಿದ್ದಾರೆ. ಅವರಿಗೂ ಈಸು ಬಾರದು. ಆದರೆ ನೀರು ಎಲ್ಲಿಗೂ ಹೋಗಿಲ್ಲ. ಹೊಂಡವಾಗಿ ಹೊಲಕ್ಕೇ ಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಅವರಲ್ಲಿ ಬಹಳ ಮಂದಿ ಸಣ್ಣ ಮಕ್ಕಳು. ಅದಕ್ಕೇ ವಿಶ್ವಸಂಸ್ಥೆ ಅದೇ ವರ್ಷ ಜುಲೈ 25ನ್ನು ಮುಳುಗಿ ಸಾಯುವುದನ್ನು ತಡೆಯುವ ದಿನ ಎಂದು ಗೊತ್ತುಮಾಡಿತು. ಇದು ಹಣೆಬರಹ ಅಲ್ಲ. ತಡೆಯಬಹುದಾದ ಸಾವು.

ಈಸು ಬಲ್ಲ ಒಬ್ಬರು ನೀರಲ್ಲಿ ಜೊತೆಗಿರಲಿ. ಇನ್ನೊಬ್ಬರು ಹಗ್ಗ ಹಿಡಿದು ದಂಡೆಯಲ್ಲಿರಲಿ. ಎದೆಗಿಂತ ಕಡಿಮೆ ಆಳದ, ನಿಂತ ನೀರಲ್ಲಿ ಕಲಿಸಲಿ. ಮೊದಲ ಪಾಠ ಅಂಗಾತ ತೇಲುವುದು. ಹುಡುಗ, ಹುಡುಗಿ ಇಬ್ಬರಿಗೂ.

ನಮ್ಮ ಮಾತು ಮುಗಿದ ಮೇಲೆ ಆ ಅಕ್ಕ ಎದ್ದು ನಿಂತರು. "ನಾಳಿ ಮುಂಜಾನಿ ಬೇಲಿ ಹಾಕಸ್ತೀನ್ರಿ. ಹಗ್ಗಾನೂ ಇಳಿಬಿಡಸ್ತೀನಿ" ಅಂದರು. ಆಮೇಲೆ ಸೀಮೆಸುಣ್ಣ ತಗೊಂಡು ಹಲಗೆಯ ಮೇಲೆ ತಾವೇ ಬರೆದರು. ಅಕ್ಷರ ಸ್ವಲ್ಪ ಸೊಟ್ಟ ಇತ್ತು. ಮಾತು ನೆಟ್ಟಗಿತ್ತು. ನೀವೂ ದನಿ ಎತ್ತಿ ಓದಿ:

ಕೈ ನೀರೊಳಗೆ.
ಮುಖ ಮೇಲೆ.
ಉಸಿರು ಎದೆಯಲ್ಲಿ.
ಬಿದ್ದವರಿಗೆ ಹಗ್ಗ ಒಗೆ.
ನೀನು ಜಿಗಿಯಬೇಡ.